ದೊರೆ ಹಾಕದ ಸಹಿ



ಭೂಪಟದಲ್ಲಿ ಎಷ್ಟು ಹುಡುಕಿದರೂ ಸಿಗದ ಒಂದು ರಾಜ್ಯವಿದೆ. ಅದರ ಹೆಸರು ಸಿಲ್ದಾವಿಯ. ಟಿನ್‌ಟಿನ್ ಎಂಬ ತರುಣ ವರದಿಗಾರನ ಸಾಹಸಗಳನ್ನು ಓದಿದವರಿಗೆ ಈ ಹೆಸರು ಪರಿಚಿತ. ಬೆಲ್ಜಿಯಂನ ಚಿತ್ರಕಾರ ಎರ್ಜೆ 1938ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಬ್ರಸೆಲ್ಸ್‌ನ ದಿನಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ ಈ ಕಥೆಯನ್ನು ವಾರವಾರವೂ ಚಿತ್ರಿಸಿದ. 'ಆಟೋಕರ್ ದೊರೆಯ ರಾಜದಂಡ' ಎಂಬುದು ಅದರ ಹೆಸರು.

ಕಥೆ ಸರಳವಾದುದು. ಸಿಲ್ದಾವಿಯದ ದೊರೆ ಪ್ರತಿವರ್ಷ ಹಬ್ಬದ ದಿನ ತನ್ನ ವಂಶದ ರಾಜದಂಡವನ್ನು ಹಿಡಿದು ಪ್ರಜೆಗಳ ಮುಂದೆ ಕಾಣಿಸಿಕೊಳ್ಳಬೇಕು. ದಂಡ ಹೋದರೆ ಸಿಂಹಾಸನವೂ ಹೋದಂತೆ. ಮ್ಯುಸ್ಟ್ಲರ್ ಎಂಬವನ ಉಗ್ರ ಸಂಘಟನೆ ನೆರೆಯ ಬೊರ್ದೂರಿಯ ದೇಶದೊಡನೆ ಒಳಸಂಚು ಮಾಡಿ ಆ ದಂಡವನ್ನು ಕದಿಯುತ್ತದೆ. ಗಲಭೆ ಎಬ್ಬಿಸುವುದು, ದೊರೆಯನ್ನು ಕೆಳಗಿಳಿಸುವುದು, ದೇಶವನ್ನು ನೆರೆಯವರ ಕೈಗೆ ಒಪ್ಪಿಸುವುದು ಅವರ ಹೂಟ. ಟಿನ್‌ಟಿನ್ ಸರಿಯಾದ ಸಮಯಕ್ಕೆ ರಾಜದಂಡ ತಂದುಕೊಡುತ್ತಾನೆ. ಪಿತೂರಿ ಮುರಿದು ಬೀಳುತ್ತದೆ. ಮ್ಯುಸ್ಟ್ಲರ್ ಎಂಬ ಹೆಸರನ್ನು ಬಿಡಿಸಿದರೆ ಅದರೊಳಗೆ ಮುಸೊಲಿನಿಯೂ ಇದ್ದಾನೆ, ಹಿಟ್ಲರನೂ ಇದ್ದಾನೆ.

ಈ ಕಥೆ ವಾರವಾರ ಮುಂದುವರಿಯುತ್ತಿದ್ದಾಗಲೇ ನಿಜದ ಭೂಪಟವೂ ಬದಲಾಗುತ್ತಿತ್ತು. 1939ರ ಏಪ್ರಿಲ್‌ನಲ್ಲಿ ಇಟಲಿಯ ಸೈನ್ಯ ಆಲ್ಬೇನಿಯ ಎಂಬ ಪುಟ್ಟ ರಾಜ್ಯಕ್ಕೆ ನುಗ್ಗಿತು. ಅಲ್ಲಿನ ದೊರೆ ಝೋಗ್ ದೇಶ ಬಿಟ್ಟು ಓಡಿದ. ಅವನ ಕಿರೀಟ ಇಟಲಿಯ ದೊರೆ ಮೂರನೇ ವಿಕ್ಟರ್ ಇಮಾನ್ಯುಯೆಲ್‌ಗೆ ಸಂದಿತು.

ಮಕ್ಕಳ ಕಥೆಯ ದೊರೆ ಪಿತೂರಿಗೆ ಬಲಿಯಾಗಬೇಕಾಗಿದ್ದವನು. ಇಟಲಿಯ ದೊರೆಯ ಕಥೆ ಬೇರೆ. ಅವನ ರಾಜದಂಡವನ್ನು ಯಾರೂ ಕದಿಯಲಿಲ್ಲ. 17 ವರ್ಷಗಳ ಹಿಂದೆ, 1922ರ ಅಕ್ಟೋಬರ್‌ನ ಒಂದು ಬೆಳಿಗ್ಗೆ, ಅವನು ತಾನಾಗಿಯೇ ಅದನ್ನು ಎತ್ತಿಕೊಟ್ಟ. ಉಗ್ರ ರಾಷ್ಟ್ರವಾದಿ ಚಳವಳಿಗಳು ಅಧಿಕಾರಕ್ಕೆ ಬರುವುದು ಹೇಗೆ ಎಂದು ತಿಳಿಯಬೇಕಾದರೆ ಆ ಬೆಳಗಿನವರೆಗಿನ ನಾಲ್ಕು ವರ್ಷಗಳನ್ನೂ ಆಮೇಲಿನ ನಾಲ್ಕು ವರ್ಷಗಳನ್ನೂ ನೋಡಬೇಕು.

ಗೆದ್ದೂ ಸೋತ ದೇಶ

ಇಟಲಿ ಹಳೆಯ ನಾಡಾದರೂ ಹೊಸ ರಾಜ್ಯ. ಚೂರುಚೂರಾಗಿದ್ದ ಸಂಸ್ಥಾನಗಳು ಒಂದಾಗಿ ಇಟಲಿಯ ರಾಜ್ಯ ಘೋಷಣೆಯಾದದ್ದು 1861ರಲ್ಲಿ. ಸಂಸತ್ತು ಇತ್ತು, ಚುನಾವಣೆಗಳಿದ್ದವು, ಪತ್ರಿಕೆಗಳಿದ್ದವು. ಪ್ರಧಾನಿಯನ್ನು ನೇಮಿಸುವ ಅಧಿಕಾರ ಮಾತ್ರ ದೊರೆಯದು.

1915ರಲ್ಲಿ ಈ ದೇಶ ಬ್ರಿಟನ್, ಫ್ರಾನ್ಸ್‌ಗಳ ಪರವಾಗಿ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಸುಮಾರು 6 ಲಕ್ಷ ಸೈನಿಕರು ಸತ್ತರು. ಯುದ್ಧದಲ್ಲಿ ಗೆದ್ದ ಪಕ್ಷದಲ್ಲಿದ್ದರೂ ಶಾಂತಿ ಒಪ್ಪಂದದಲ್ಲಿ ಬಯಸಿದ್ದೆಲ್ಲ ಸಿಗಲಿಲ್ಲ. ಗೆಲುವಿನ ಕೈಕಾಲು ಕತ್ತರಿಸಿದರು ಎಂಬ ಕೂಗು ಎದ್ದಿತು. ಆ ಕೂಗಿಗೆ ಮಾತು ಕೊಟ್ಟವನು ಗೇಬ್ರಿಯೆಲ್ ದನುಂಜಿಯೊ ಎಂಬ ಹೆಸರಾಂತ ಕವಿ.

ಈ ಕವಿ ಮಾತಿಗೇ ನಿಲ್ಲಲಿಲ್ಲ. 1919ರ ಸೆಪ್ಟೆಂಬರ್‌ನಲ್ಲಿ ಸೈನ್ಯದಿಂದ ಕಳಚಿಕೊಂಡು ಬಂದವರ ಒಂದು ಪಡೆ ಕಟ್ಟಿಕೊಂಡು ಏಡ್ರಿಯಾಟಿಕ್ ಕಡಲತೀರದ ಫ್ಯೂಮೆ ಎಂಬ ಪಟ್ಟಣವನ್ನು ಹಿಡಿದ. ಇಂದು ಅದು ಕ್ರೊಯೇಷಿಯದ ರಿಯೇಕ. ಅಲ್ಲಿ ಒಂದು ವರ್ಷಕ್ಕೂ ಮೀರಿ ಅವನದೇ ಆಡಳಿತ. ಮಾಳಿಗೆಯ ಮೇಲಿಂದ ಜನರನ್ನು ಕುರಿತು ಭಾಷಣ, ಕೈ ಮುಂದೆ ಚಾಚಿ ಸಲಾಮು, ಕಪ್ಪು ಅಂಗಿ, ಗುಂಪಿನ ಘೋಷಣೆ, ಮುಂದೆ ಜಗತ್ತು ಮುಸೊಲಿನಿಯ ಹೆಸರಿನೊಡನೆ ಸೇರಿಸಿ ನೋಡಿದ ಆಟವೆಲ್ಲ ಅಲ್ಲಿ ಮೊದಲು ಪ್ರದರ್ಶನವಾಯಿತು. ಸರ್ಕಾರ ಅವನನ್ನು ಹೊರಹಾಕಿದ್ದು 1920ರ ಡಿಸೆಂಬರ್‌ನಲ್ಲಿ. ಸಮವಸ್ತ್ರ ತೊಟ್ಟವರು ಸರ್ಕಾರದ ಆಜ್ಞೆಯನ್ನು ಮೀರಿಯೂ ತಿಂಗಳುಗಟ್ಟಲೆ ನಿಭಾಯಿಸಬಹುದು ಎಂಬುದನ್ನು ದೇಶವೆಲ್ಲ ಅಷ್ಟರಲ್ಲಿ ನೋಡಿಯಾಗಿತ್ತು.

ಒಳನಾಡಿನಲ್ಲಿಯೂ ನೆಮ್ಮದಿ ಇರಲಿಲ್ಲ. ಬೆಲೆಗಳು ಏರಿದವು. ಯುದ್ಧದಿಂದ ಮರಳಿದ ರೈತನಿಗೆ ಜಮೀನು ಕೊಡುತ್ತೇವೆಂದ ಮಾತು ಮಾತಾಗಿಯೇ ಉಳಿಯಿತು. 1919 ಮತ್ತು 1920 ಮುಷ್ಕರಗಳ ವರ್ಷಗಳು. 1920ರ ಸೆಪ್ಟೆಂಬರ್‌ನಲ್ಲಿ ಮಿಲಾನ್, ಟ್ಯೂರಿನ್‌ಗಳ ಕಾರ್ಮಿಕರು ಕಾರ್ಖಾನೆಗಳನ್ನೇ ವಶಪಡಿಸಿಕೊಂಡರು. ರಷ್ಯದ ಕ್ರಾಂತಿಯಾಗಿ ಮೂರು ವರ್ಷ ಕಳೆದಿತ್ತಷ್ಟೆ. ಇಟಲಿಯಲ್ಲಿಯೂ ಅದೇ ಆಗುತ್ತದೆಂದು ಮಾಲೀಕರು ನಡುಗಿದರು. ಕ್ರಾಂತಿ ಆಗಲಿಲ್ಲ. ಮಾತುಕತೆಯಾಗಿ ಕಾರ್ಮಿಕರು ಕೆಲಸಕ್ಕೆ ಮರಳಿದರು. ಭಯ ಮಾತ್ರ ಮಾಲೀಕರ ಎದೆಯಲ್ಲಿ ಉಳಿದುಕೊಂಡಿತು.

ಐದು ಸಾವಿರ ಮತವೂ ಇಲ್ಲ

ಬೆನಿಟೊ ಮುಸೊಲಿನಿ ಹುಟ್ಟಿದ್ದು 1883ರಲ್ಲಿ. ತಂದೆ ಕಮ್ಮಾರ, ತಾಯಿ ಶಾಲೆಯ ಉಪಾಧ್ಯಾಯಿನಿ. ತರುಣನಾಗಿದ್ದಾಗ ಅವನು ಸಮಾಜವಾದಿ. ಸಮಾಜವಾದಿ ಪಕ್ಷದ ಪತ್ರಿಕೆ 'ಅವಾಂತಿ'ಯ ಸಂಪಾದಕನೂ ಆಗಿದ್ದ. ಇಟಲಿ ಯುದ್ಧಕ್ಕೆ ಸೇರಬೇಕೆಂದು ವಾದಿಸಿದ್ದಕ್ಕಾಗಿ 1914ರಲ್ಲಿ ಪಕ್ಷ ಅವನನ್ನು ಹೊರಹಾಕಿತು. ಕೂಡಲೇ ಅವನು ತನ್ನದೇ ಪತ್ರಿಕೆ ಆರಂಭಿಸಿದ. ಪತ್ರಿಕೆಯ ಶೀರ್ಷಿಕೆಗಳನ್ನು ಬರೆಯುವ ಕಲೆ ಅವನಿಗೆ ಕರಗತವಾಗಿತ್ತು. ಚಿಕ್ಕ ವಾಕ್ಯ, ದೊಡ್ಡ ಸದ್ದು. ಮುಂದೆ ಅವನ ರಾಜಕೀಯವೂ ಹಾಗೆಯೇ ನಡೆಯಿತು.

1919ರ ಮಾರ್ಚ್ 23ರಂದು ಮಿಲಾನ್‌ನ ಒಂದು ಸಭಾಂಗಣದಲ್ಲಿ ಅವನು ಹೊಸ ಸಂಘಟನೆ ಸ್ಥಾಪಿಸಿದ. 'ಫಾಶ್ಯೊ' ಎಂದರೆ ಇಟಾಲಿಯನ್ ಭಾಷೆಯಲ್ಲಿ ಕಟ್ಟು, ಕಂತೆ. ಪ್ರಾಚೀನ ರೋಮ್‌ನಲ್ಲಿ ಕೋಲುಗಳ ಕಟ್ಟಿನ ನಡುವೆ ಕೊಡಲಿ ಸಿಕ್ಕಿಸಿ ಅಧಿಕಾರಿಗಳ ಮುಂದೆ ಹಿಡಿದು ನಡೆಯುತ್ತಿದ್ದರು. ಒಗ್ಗಟ್ಟಿಗೂ ದಂಡನೆಗೂ ಅದು ಸಂಕೇತ. ಫ್ಯಾಸಿಸಂ ಎಂಬ ಹೆಸರು ಬಂದದ್ದು ಈ ಮಾತಿನಿಂದ.

ಆದರೆ ಆ ವರ್ಷದ ನವೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಆದದ್ದೇನು? ಮಿಲಾನ್‌ನಲ್ಲಿ ಬಿದ್ದ ಸುಮಾರು 2 ಲಕ್ಷ 70 ಸಾವಿರ ಮತಗಳಲ್ಲಿ ಫ್ಯಾಸಿಸ್ಟರಿಗೆ 5 ಸಾವಿರವೂ ಸಿಗಲಿಲ್ಲ. ಒಂದು ಸ್ಥಾನವೂ ಬರಲಿಲ್ಲ. ಎದುರಾಳಿಗಳು ಫ್ಯಾಸಿಸಂ ಸತ್ತಿತೆಂದು ನಕ್ಕರು. ಜನರೇ ಮುಸೊಲಿನಿಯನ್ನು ಎತ್ತಿ ಮೆರೆಸಿದರು ಎಂದು ಹೇಳುವವರು ಈ ಅಂಕಿಯನ್ನು ಮರೆಯಬಾರದು. ಮೂರೇ ವರ್ಷಗಳಲ್ಲಿ ಅವನು ಪ್ರಧಾನಿಯಾದ. ಆ ಮೂರು ವರ್ಷಗಳಲ್ಲಿ ಅವನಿಗೆ ಹೆಗಲು ಕೊಟ್ಟವರು ಬೇರೆಯೇ ಇದ್ದರು.

ಹರಳೆಣ್ಣೆ ಮತ್ತು ದೊಣ್ಣೆ

ಉತ್ತರ ಇಟಲಿಯ ಪೋ ನದಿಯ ಬಯಲು ಫಲವತ್ತಾದ ಭೂಮಿ. ಅಲ್ಲಿನ ಕೃಷಿ ಕೂಲಿಗಾರರು ಸಮಾಜವಾದಿ ಸಂಘಗಳಲ್ಲಿ ಸಂಘಟಿತರಾಗಿದ್ದರು. ಕೂಲಿ ಎಷ್ಟು, ಯಾರಿಗೆ ಕೆಲಸ ಎಂಬುದನ್ನು ಸಂಘವೇ ತೀರ್ಮಾನಿಸುವಷ್ಟು ಅವು ಬಲವಾಗಿದ್ದವು. ಅನೇಕ ಪಟ್ಟಣಗಳ ಪುರಸಭೆಗಳೂ ಸಮಾಜವಾದಿಗಳ ಕೈಯಲ್ಲಿದ್ದವು. ಜಮೀನ್ದಾರರಿಗೆ ಇದು ನುಂಗಲಾರದ ತುತ್ತಾಯಿತು.

1920ರ ಕೊನೆಯಿಂದ ಬೊಲೊನ್ಯ, ಫೆರಾರ ಮುಂತಾದ ಕಡೆ ಹೊಸ ದೃಶ್ಯವೊಂದು ಕಾಣತೊಡಗಿತು. ರಾತ್ರಿ ಹೊತ್ತು ಲಾರಿಗಳಲ್ಲಿ ಕಪ್ಪಂಗಿ ತೊಟ್ಟ ಯುವಕರು ಹಳ್ಳಿಗೆ ಬರುವರು. ಕೂಲಿಗಾರರ ಸಂಘದ ಕಚೇರಿಗೆ ಬೆಂಕಿ ಇಡುವರು. ಸಹಕಾರ ಸಂಘದ ಅಂಗಡಿ ಲೂಟಿ ಮಾಡುವರು. ಸಂಘದ ಕಾರ್ಯದರ್ಶಿಯನ್ನು ಮನೆಯಿಂದ ಎಳೆದು ತಂದು ದೊಣ್ಣೆಯಿಂದ ಬಡಿಯುವರು. ಬಾಯಿಗೆ ಬಲವಂತವಾಗಿ ಹರಳೆಣ್ಣೆ ಸುರಿಯುವರು. ಇದು ತಮಾಷೆಯಾಗಿ ಕಾಣಬಹುದು. ಊರಿನ ಮುಂದೆ ಒಬ್ಬ ಮನುಷ್ಯನ ಮಾನ ಕಳೆದು, ಅವನು ಮತ್ತೆ ತಲೆ ಎತ್ತದಂತೆ ಮಾಡುವ ಉಪಾಯವದು. ಕೆಲವರು ಅದರಿಂದ ಸತ್ತದ್ದೂ ಉಂಟು.

ಲಾರಿ, ಪೆಟ್ರೋಲ್, ಹಣ ಜಮೀನ್ದಾರರಿಂದ ಬಂದವು. ಹಲವು ಕಡೆ ಬಂದೂಕುಗಳು ಸೈನ್ಯದ ಉಗ್ರಾಣದಿಂದಲೇ ಹೊರಬಿದ್ದವು. ಪೊಲೀಸರು ಕಂಡೂ ಕಾಣದಂತಿದ್ದರು. ಪೆಟ್ಟು ತಿಂದವನ ಮೇಲೆ ಮೊಕದ್ದಮೆ ಹೂಡಿ, ಪೆಟ್ಟು ಕೊಟ್ಟವನನ್ನು ಬಿಟ್ಟುಕಳಿಸಿದ ನ್ಯಾಯಾಲಯಗಳೂ ಇದ್ದವು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಫೆರಾರದಲ್ಲಿ ಇಟಾಲೊ ಬಾಲ್ಬೊ, ಕ್ರೆಮೊನದಲ್ಲಿ ರೊಬೆರ್ತೊ ಫರಿನಾಚ್ಚಿ, ಹೀಗೆ ಊರೂರಿಗೆ ಒಬ್ಬೊಬ್ಬ ಪಾಳೆಯಗಾರ ಹುಟ್ಟಿಕೊಂಡ. ಇಥಿಯೋಪಿಯದ ಸರದಾರರ ಬಿರುದನ್ನು ತಂದು ಇವರನ್ನು 'ರಾಸ್' ಎಂದು ಕರೆಯುತ್ತಿದ್ದರು. ಇವರೆಲ್ಲ ಮುಸೊಲಿನಿ ಹೇಳಿದಂತೆ ಕುಣಿಯುವವರಾಗಿರಲಿಲ್ಲ. ಆದರೂ ಇವರ ದೊಣ್ಣೆಗೆ ಒಂದು ದೇಶವ್ಯಾಪಿ ಹೆಸರು ಬೇಕಾಗಿತ್ತು, ಅವನ ಮಾತಿಗೆ ದೊಣ್ಣೆ ಬೇಕಾಗಿತ್ತು. 1921ರ ಕೊನೆಯ ಹೊತ್ತಿಗೆ ಪಕ್ಷದ ಸದಸ್ಯರ ಸಂಖ್ಯೆ 2 ಲಕ್ಷ ದಾಟಿತ್ತು.

ಮುಳ್ಳಿನಿಂದ ಮುಳ್ಳು ತೆಗೆಯುವ ಲೆಕ್ಕ

ಇಷ್ಟಾದರೂ ಸಂಸತ್ತಿನ ಬಾಗಿಲು ಅವರಿಗೆ ತೆರೆದಿರಲಿಲ್ಲ. ಅದನ್ನು ತೆರೆದವನು ಐದು ಬಾರಿ ಪ್ರಧಾನಿಯಾದ, ಎಲ್ಲ ತಂತ್ರ ಬಲ್ಲ ಮುತ್ಸದ್ದಿ ಜೊವಾನಿ ಜೊಲಿತ್ತಿ. ಅವನು ಫ್ಯಾಸಿಸ್ಟ್ ಆಗಿರಲಿಲ್ಲ, ಉದಾರವಾದಿ. ಸಮಾಜವಾದಿಗಳ ಬಲವನ್ನು ತಗ್ಗಿಸಬೇಕಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋಣ, ಆಮೇಲೆ ಎರಡನ್ನೂ ಎಸೆಯೋಣ ಎಂಬುದು ಅವನ ಲೆಕ್ಕ. ಸಂಸತ್ತಿಗೆ ಬಂದು ಕುಳಿತರೆ ಪುಂಡರೂ ಮೆತ್ತಗಾಗುತ್ತಾರೆ ಎಂದು ಅವನು ನಂಬಿದ್ದ. 1921ರ ಮೇ ತಿಂಗಳ ಚುನಾವಣೆಯಲ್ಲಿ ಫ್ಯಾಸಿಸ್ಟರನ್ನು ತನ್ನ ರಾಷ್ಟ್ರೀಯ ಕೂಟದ ಪಟ್ಟಿಗೆ ಸೇರಿಸಿಕೊಂಡ. 535 ಸ್ಥಾನಗಳಲ್ಲಿ 35 ಅವರಿಗೆ ದಕ್ಕಿದವು. ಜೊಲಿತ್ತಿಯ ಸರ್ಕಾರ ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. ಒಳಗೆ ಬಂದವರು ಹೊರಗೆ ಹೋಗಲಿಲ್ಲ.

ಎದುರು ಪಾಳಯದವರ ಸ್ಥಿತಿಯೂ ಶೋಚನೀಯವಾಗಿತ್ತು. 1919ರ ಚುನಾವಣೆಯಲ್ಲಿ ಸಮಾಜವಾದಿಗಳಿಗೆ 156, ಕ್ಯಾಥೊಲಿಕ್ ಜನತಾ ಪಕ್ಷಕ್ಕೆ 100 ಸ್ಥಾನ ಬಂದಿತ್ತು. 508 ಸದಸ್ಯರ ಸಭೆಯಲ್ಲಿ ಈ ಎರಡು ಪಕ್ಷಗಳು ಸೇರಿದ್ದರೆ ಬಹುಮತ. ಆದರೆ ದೇವರನ್ನು ನಂಬುವವರೂ ನಂಬದವರೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಲು ಸಿದ್ಧರಿರಲಿಲ್ಲ. ಸಮಾಜವಾದಿಗಳು ತಮ್ಮೊಳಗೇ ಒಡೆದರು. 1921ರ ಜನವರಿಯಲ್ಲಿ ಕಮ್ಯುನಿಸ್ಟರು ಬೇರೆಯಾದರು. 1922ರ ಅಕ್ಟೋಬರ್ ಆರಂಭದಲ್ಲಿ, ಅಂದರೆ ಫ್ಯಾಸಿಸ್ಟರು ರೋಮ್‌ನತ್ತ ಹೊರಡಲು ನಾಲ್ಕು ವಾರವೂ ಇಲ್ಲದಾಗ, ಪಕ್ಷ ಮತ್ತೊಮ್ಮೆ ಇಬ್ಭಾಗವಾಯಿತು. ಮನೆಗೆ ಬೆಂಕಿ ಬಿದ್ದಾಗ ಅಣ್ಣತಮ್ಮಂದಿರು ಪಾಲು ಕೇಳುತ್ತಿದ್ದಂತಾಯಿತು.

ಒಂದು ಬೆಳಗಿನ ತೀರ್ಮಾನ

ಅಕ್ಟೋಬರ್ 24ರಂದು ನೇಪಲ್ಸ್‌ನಲ್ಲಿ ಫ್ಯಾಸಿಸ್ಟರ ದೊಡ್ಡ ಸಭೆ ನಡೆಯಿತು. ಮೂರು ದಿನಗಳ ಬಳಿಕ ಕಪ್ಪಂಗಿ ದಳಗಳು ಹಲವು ಊರುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಮುತ್ತಿದವು. ರೋಮ್‌ನ ಸುತ್ತ ಸೇರಿದವರ ಸಂಖ್ಯೆಯನ್ನು ಇತಿಹಾಸಕಾರರು 25ರಿಂದ 30 ಸಾವಿರ ಎಂದು ಅಂದಾಜು ಮಾಡುತ್ತಾರೆ. ಜಡಿಮಳೆ. ಎಲ್ಲರಲ್ಲಿಯೂ ಬಂದೂಕು ಇರಲಿಲ್ಲ. ಊಟದ ವ್ಯವಸ್ಥೆಯೂ ಸರಿಯಿರಲಿಲ್ಲ. ರೈಲುಮಾರ್ಗಗಳನ್ನು ಸೈನ್ಯ ತಡೆದಿದ್ದರಿಂದ ಅನೇಕರು ದಾರಿಯಲ್ಲೇ ಸಿಕ್ಕಿಬಿದ್ದಿದ್ದರು. ಸೈನ್ಯ ಮನಸ್ಸು ಮಾಡಿದ್ದರೆ ಅವರನ್ನು ಚದುರಿಸುವುದು ಕಷ್ಟವಿರಲಿಲ್ಲ ಎಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ನಾಯಕ ಮುಸೊಲಿನಿ ಮಾತ್ರ ಅವರ ಜೊತೆಯಲ್ಲಿರಲಿಲ್ಲ. ಅವನು ಮಿಲಾನ್‌ನಲ್ಲಿದ್ದ. ಅಲ್ಲಿಂದ ಸ್ವಿಟ್ಜರ್ಲೆಂಡ್ ಗಡಿ ಹತ್ತಿರ.

ಅಕ್ಟೋಬರ್ 28ರ ನಸುಕಿನಲ್ಲಿ ಪ್ರಧಾನಿ ಲುಯಿಜಿ ಫಾಕ್ತ ಮಂತ್ರಿಮಂಡಲ ಕರೆದ. ದೇಶದಲ್ಲಿ ಸೈನಿಕ ಕಾನೂನು ಘೋಷಿಸಲು ಎಲ್ಲರೂ ಒಪ್ಪಿದರು. ಆಜ್ಞೆ ಸಿದ್ಧವಾಯಿತು. ಭಿತ್ತಿಪತ್ರಗಳು ಗೋಡೆ ಹತ್ತಿದವು. ಬೇಕಾಗಿದ್ದುದು ದೊರೆಯ ಸಹಿ. ಬೆಳಿಗ್ಗೆ ಕಾಗದ ಹಿಡಿದು ಅರಮನೆಗೆ ಹೋದ ಫಾಕ್ತನಿಗೆ ದೊರೆ ಸಹಿ ಹಾಕುವುದಿಲ್ಲ ಎಂದುಬಿಟ್ಟ. ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಸರ್ಕಾರ ರಾಜೀನಾಮೆ ಕೊಟ್ಟಿತು.

ದೊರೆ ಏಕೆ ಹೀಗೆ ಮಾಡಿದ? ಅವನಿಗೆ ಮುಸೊಲಿನಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಸೈನ್ಯ ತನ್ನ ಮಾತು ಕೇಳುತ್ತದೋ ಇಲ್ಲವೋ ಎಂಬ ಅನುಮಾನ ಇತ್ತು. ದಾಯಾದಿ ಆಓಸ್ತದ ಡ್ಯೂಕ್ ಫ್ಯಾಸಿಸ್ಟರ ಕಡೆ ಒಲವುಳ್ಳವನು, ತನ್ನನ್ನು ಇಳಿಸಿ ಅವನನ್ನು ಕೂರಿಸಿದರೆ ಎಂಬ ಅಂಜಿಕೆ ಇತ್ತು. ರಕ್ತಪಾತ ಆಗಬಾರದೆಂಬ ಆಸೆಯೂ ಇದ್ದಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಈ ಜನರನ್ನು ಸರ್ಕಾರದೊಳಗೆ ಸೇರಿಸಿಕೊಂಡರೆ ತೊಂದರೆ ತಾನೇ ಅಡಗುತ್ತದೆ ಎಂದು ಅವನ ಸುತ್ತಲಿನ ದೊಡ್ಡವರೆಲ್ಲ ನಂಬಿದ್ದರು. ಮೊದಲು ಸಂಪ್ರದಾಯವಾದಿ ನಾಯಕ ಸಲಾಂದ್ರನ ಕೈಕೆಳಗೆ ಮುಸೊಲಿನಿಗೆ ಮಂತ್ರಿಪದವಿ ಕೊಡುವ ಪ್ರಯತ್ನ ನಡೆಯಿತು. ಅವನು ಒಪ್ಪಲಿಲ್ಲ. ಸಹಿ ಬೀಳದ ಮೇಲೆ ಅವನೇಕೆ ಕಡಿಮೆಗೆ ಒಪ್ಪಬೇಕು?

ಅಕ್ಟೋಬರ್ 29ರಂದು ದೊರೆಯ ಕರೆ ಹೋಯಿತು. ರಾತ್ರಿ ರೈಲು ಹತ್ತಿ, ಮಲಗಿಕೊಂಡು ಬರುವ ಬೋಗಿಯಲ್ಲಿ ಪ್ರಯಾಣ ಮಾಡಿ, 30ರ ಬೆಳಿಗ್ಗೆ ಮುಸೊಲಿನಿ ರೋಮ್‌ನಲ್ಲಿ ಇಳಿದ. 39ರ ವಯಸ್ಸಿಗೇ ಪ್ರಧಾನಿಯಾದ. ಕಪ್ಪಂಗಿ ದಳದವರು ನಗರದೊಳಗೆ ಮೆರವಣಿಗೆ ನಡೆಸಿದ್ದು ಮರುದಿನ, ಸರ್ಕಾರದ ಅನುಮತಿಯ ಮೇಲೆ. ಆಮೇಲೆ 'ರೋಮ್ ಮೇಲಿನ ದಂಡಯಾತ್ರೆ' ಎಂದು ಪಠ್ಯಪುಸ್ತಕಗಳಲ್ಲಿ ಹೊಗಳಿಸಿಕೊಂಡದ್ದು ಇದೇ ಮೆರವಣಿಗೆ.

ಬಾಗಿಲು ಒಳಗಿನಿಂದ

ಈ ಕಥೆಯನ್ನು ದೊರೆಯೊಬ್ಬನ ದೌರ್ಬಲ್ಯವೆಂದು ಮುಗಿಸಿಬಿಟ್ಟರೆ ನ್ಯಾಯವಾಗದು. ನವೆಂಬರ್‌ನಲ್ಲಿ ಮುಸೊಲಿನಿ ಸಂಸತ್ತಿನಲ್ಲಿ ವಿಶ್ವಾಸಮತ ಕೇಳಿದ. ಕೇಳಿದ ಧಾಟಿಯಾದರೂ ಎಂಥದು? ಮನಸ್ಸು ಮಾಡಿದ್ದರೆ ಈ ಸಭಾಭವನವನ್ನು ನನ್ನ ಪಡೆಯ ಬಿಡಾರ ಮಾಡಬಹುದಿತ್ತು ಎಂದು ಸದಸ್ಯರ ಮುಖಕ್ಕೇ ಹೇಳಿದ. ಅವನ ಪಕ್ಷದವರು ಸುಮಾರು 35. ಬಿದ್ದ ಮತಗಳು ಪರ 306, ವಿರುದ್ಧ 116. ಜೊಲಿತ್ತಿಯೂ ಪರವಾಗಿ ಮತ ಹಾಕಿದ. ಮಂತ್ರಿಮಂಡಲದಲ್ಲಿ ಫ್ಯಾಸಿಸ್ಟರು ಬೆರಳೆಣಿಕೆಯಷ್ಟು. ಉಳಿದವರು ಉದಾರವಾದಿಗಳು, ಕ್ಯಾಥೊಲಿಕರು, ಸೇನಾಧಿಕಾರಿಗಳು. ಅವನನ್ನು ಹಿಡಿತದಲ್ಲಿಡುತ್ತೇವೆ ಎಂದು ಒಳಹೊಕ್ಕವರು ಅವನ ಸರ್ಕಾರಕ್ಕೆ ಮರ್ಯಾದೆ ತಂದುಕೊಟ್ಟರು.

ಮುಂದಿನ ಹೆಜ್ಜೆಗಳಿಗೆ ಕಾನೂನಿನ ರೂಪವಿತ್ತು. 1923ರಲ್ಲಿ ಕಪ್ಪಂಗಿ ದಳವೇ ಸರ್ಕಾರಿ ಸಂಬಳದ ಪಡೆಯಾಯಿತು. ಅದೇ ವರ್ಷ ಹೊಸ ಚುನಾವಣಾ ಕಾನೂನು ಬಂತು. ನೂರಕ್ಕೆ 25ರಷ್ಟಾದರೂ ಮತ ಪಡೆದು ಮೊದಲನೆಯದಾಗಿ ಬರುವ ಪಟ್ಟಿಗೆ ಮೂರನೇ ಎರಡರಷ್ಟು ಸ್ಥಾನಗಳು ಎಂದು ಅದು ಹೇಳಿತು. ಆ ಕಾನೂನನ್ನು ಅಂಗೀಕರಿಸಿದ್ದು ಫ್ಯಾಸಿಸ್ಟರು ಅಲ್ಪಸಂಖ್ಯಾತರಾಗಿದ್ದ ಸಂಸತ್ತು. 1924ರ ಏಪ್ರಿಲ್ ಚುನಾವಣೆ ದೊಣ್ಣೆಯ ನೆರಳಿನಲ್ಲೇ ನಡೆದು ಅವರಿಗೆ ಭಾರಿ ಬಹುಮತ ಬಂತು.

ಮೇ 30ರಂದು ಸಮಾಜವಾದಿ ಸದಸ್ಯ ಜಾಕೊಮೊ ಮತ್ತೆಯೊತ್ತಿ ಎದ್ದು ನಿಂತು ಚುನಾವಣೆಯಲ್ಲಿ ನಡೆದ ಬೆದರಿಕೆ, ಹಲ್ಲೆ, ಮೋಸಗಳನ್ನು ಒಂದೊಂದಾಗಿ ಎತ್ತಿ ಹೇಳಿದ. ಎದುರು ಬೆಂಚಿನವರ ಗದ್ದಲದ ನಡುವೆಯೂ ಮಾತು ಮುಗಿಸಿಯೇ ಕುಳಿತ. ನನ್ನ ಅಂತ್ಯಕ್ರಿಯೆಯ ಭಾಷಣ ಸಿದ್ಧಮಾಡಿಕೊಳ್ಳಿ ಎಂದು ಗೆಳೆಯರಿಗೆ ಹೇಳಿದನೆಂದು ಪ್ರತೀತಿ. ಜೂನ್ 10ರಂದು ರೋಮ್‌ನಲ್ಲಿ, ತೈಬರ್ ನದಿಯ ದಂಡೆಯ ರಸ್ತೆಯಲ್ಲಿ ಹಾಡಹಗಲೇ ಅವನನ್ನು ಕಾರಿನೊಳಗೆ ಎಳೆದುಕೊಂಡು ಹೋಗಿ ಕೊಂದರು. ಶವ ಸಿಕ್ಕಿದ್ದು ಆಗಸ್ಟ್ 16ರಂದು.

ದೇಶ ತಲ್ಲಣಿಸಿತು. ಕೊಲೆಗಾರರು ಮುಸೊಲಿನಿಯ ಸುತ್ತಲಿನವರೇ ಎಂಬುದು ಬೇಗ ಬಯಲಾಯಿತು. ಫ್ಯಾಸಿಸ್ಟರು ಗಲಿಬಿಲಿಗೊಂಡರು. ಅವನನ್ನು ಇಳಿಸಲು ಎರಡನೆಯ ಅವಕಾಶ ಅದು. ವಿರೋಧ ಪಕ್ಷಗಳವರು ಪ್ರತಿಭಟಿಸಿ ಸಂಸತ್ತಿನಿಂದ ಹೊರನಡೆದರು. ದೊರೆ ನ್ಯಾಯ ಕೊಡುತ್ತಾನೆ ಎಂದು ಕಾದರು. ಸಂಸತ್ತು ಸೂಚಿಸದೆ ತಾನು ಏನು ಮಾಡಲಿ ಎಂದು ದೊರೆ ಸುಮ್ಮನಿದ್ದ. ಸಂಸತ್ತಿನಲ್ಲಿ ಸೂಚಿಸಬೇಕಾಗಿದ್ದವರು ಹೊರಗಿದ್ದರು. ತಿಂಗಳುಗಳು ಉರುಳಿದವು. 1925ರ ಜನವರಿ 3ರಂದು ಮುಸೊಲಿನಿ ಸಂಸತ್ತಿಗೆ ಬಂದು, ನಡೆದುದಕ್ಕೆಲ್ಲ ತಾನೇ ಹೊಣೆ, ಏನು ಮಾಡುತ್ತೀರೋ ಮಾಡಿ ಎಂಬ ಅರ್ಥದಲ್ಲಿ ಸವಾಲು ಹಾಕಿದ. ಯಾರೂ ಏನೂ ಮಾಡಲಿಲ್ಲ.

ಅಲ್ಲಿಂದ ಮುಂದೆ ದಾರಿ ಇಳಿಜಾರು. ಪತ್ರಿಕೆಗಳ ಬಾಯಿ ಕಟ್ಟಿಸಲಾಯಿತು. ಚುನಾಯಿತ ಪುರಸಭಾಧ್ಯಕ್ಷರ ಬದಲು ನೇಮಕಗೊಂಡವರು ಬಂದರು. 1926ರ ನವೆಂಬರ್‌ನಲ್ಲಿ ಉಳಿದೆಲ್ಲ ಪಕ್ಷಗಳನ್ನು ನಿಷೇಧಿಸಲಾಯಿತು. ರಾಜಕೀಯ ಅಪರಾಧಗಳಿಗೆ ವಿಶೇಷ ನ್ಯಾಯಮಂಡಳಿ ಬಂತು. ಚಿಂತಕ ಆಂಟೋನಿಯೊ ಗ್ರಾಮ್ಶಿ ಸಂಸತ್ ಸದಸ್ಯನಾಗಿದ್ದರೂ ಬಂಧಿತನಾದ. 1922ರಲ್ಲಿ ಗಿಡವಾಗಿದ್ದಾಗ ಬಗ್ಗಿಸದೆ ಬಿಟ್ಟದ್ದು ನಾಲ್ಕೇ ವರ್ಷದಲ್ಲಿ ಮರವಾಗಿ ನಿಂತಿತ್ತು.

1931ರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ಆಗುವುದಿಲ್ಲ ಎಂದವರು ಹನ್ನೆರಡು ಮಂದಿಯಷ್ಟೆ. ಅವರು ಕೆಲಸ ಕಳೆದುಕೊಂಡರು. ಉಳಿದವರೆಲ್ಲ ಫ್ಯಾಸಿಸಂ ಒಪ್ಪಿದವರೆಂದಲ್ಲ. ಹೆಂಡತಿ ಮಕ್ಕಳಿದ್ದರು, ಸಂಬಳ ಬೇಕಾಗಿತ್ತು. ಸಹಿ ಹಾಕಬೇಕಾದಲ್ಲಿ ಹಾಕದ ದೊರೆಯಿಂದ ಆರಂಭವಾದದ್ದು, ಹಾಕಬಾರದ ಕಡೆ ಸಹಿ ಹಾಕಬೇಕಾದ ಮೇಷ್ಟ್ರುಗಳವರೆಗೆ ಬಂದು ಮುಟ್ಟಿತು.

ಹೊರಗಿನವರೂ ಮೋಸಹೋದರು. ನಮ್ಮ ರವೀಂದ್ರನಾಥ ಟ್ಯಾಗೋರರು 1926ರಲ್ಲಿ ಮುಸೊಲಿನಿಯ ಅತಿಥಿಯಾಗಿ ಇಟಲಿಗೆ ಹೋಗಿದ್ದರು. ಅಲ್ಲಿನ ಪತ್ರಿಕೆಗಳು ಅವರನ್ನು ಆಡಳಿತದ ಅಭಿಮಾನಿಯೆಂದು ಬಿಂಬಿಸಿದವು. ಬಳಿಕ ಸ್ವಿಟ್ಜರ್ಲೆಂಡ್‌ನಲ್ಲಿ ಸಾಹಿತಿ ರೊಮೇ ರೊಲಾರನ್ನು ಕಂಡಾಗ, ದೇಶ ಬಿಟ್ಟು ಬಂದವರ ಅನುಭವ ಕೇಳಿದಾಗ, ನಿಜ ತಿಳಿಯಿತು. ಅದೇ ವರ್ಷ 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಯಲ್ಲಿ ಪ್ರಕಟವಾದ ಪತ್ರದಲ್ಲಿ ಅವರು ಫ್ಯಾಸಿಸಂನ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದರು.

ಬ್ರಸೆಲ್ಸ್‌ನಲ್ಲಿ ಬೇರೆಯದೇ ಆಯಿತು

ಹಾಗಾದರೆ ಇಂಥ ಚಳವಳಿಯನ್ನು ತಡೆಯಲು ಸಾಧ್ಯವೇ ಇಲ್ಲವೆ? ಸಿಲ್ದಾವಿಯದ ಕಥೆ ಹುಟ್ಟಿದ ಬೆಲ್ಜಿಯಂಗೇ ಹೋಗೋಣ. ಅದೂ ಒಂದು ರಾಜ್ಯ, ಅಲ್ಲಿಯೂ ದೊರೆ ಇದ್ದ. ಲಿಯೊನ್ ದೆಗ್ರೆಲ್ ಎಂಬ ಮಾತುಗಾರ ಯುವಕ ಅಲ್ಲಿ 'ರೆಕ್ಸ್' ಎಂಬ ಪಕ್ಷ ಕಟ್ಟಿದ್ದ. ಎರ್ಜೆ ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಅವನೂ ಹಿಂದೆ ಕೆಲಸ ಮಾಡಿದವನೇ. ಭ್ರಷ್ಟ ರಾಜಕಾರಣಿಗಳನ್ನು ಗುಡಿಸಿಹಾಕುತ್ತೇವೆ ಎಂದು ಅವನ ಬೆಂಬಲಿಗರು ಕಸಪೊರಕೆ ಹಿಡಿದು ಮೆರವಣಿಗೆ ಮಾಡುತ್ತಿದ್ದರು. 1936ರ ಚುನಾವಣೆಯಲ್ಲಿ 202 ಸ್ಥಾನಗಳಲ್ಲಿ 21 ಅವರಿಗೆ ಬಂದವು. ಮೊದಲ ಚುನಾವಣೆಯಲ್ಲಿ ಮುಸೊಲಿನಿಗೆ ಒಂದೂ ಬಂದಿರಲಿಲ್ಲ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಗೆಲುವೆಂದು ತಿಳಿದೀತು.

ಗೆಲುವಿನ ಉತ್ಸಾಹದಲ್ಲಿ ದೆಗ್ರೆಲ್ ತನ್ನ ಪಕ್ಷದ ಸದಸ್ಯನೊಬ್ಬನಿಂದ ರಾಜೀನಾಮೆ ಕೊಡಿಸಿ ಬ್ರಸೆಲ್ಸ್‌ನಲ್ಲಿ ಉಪಚುನಾವಣೆ ತಂದ. ತಾನೇ ಅಭ್ಯರ್ಥಿಯಾದ. ಪ್ರಧಾನಿ ಪಾಲ್ ವಾನ್ ಜೀಲಾಂಡ್ ಖುದ್ದಾಗಿ ಎದುರು ನಿಂತ. ಆಗ ಇಟಲಿಯಲ್ಲಿ ಆಗದಿದ್ದುದು ಅಲ್ಲಿ ಆಯಿತು. ಕ್ಯಾಥೊಲಿಕರು, ಉದಾರವಾದಿಗಳು, ಸಮಾಜವಾದಿಗಳು, ಕಮ್ಯುನಿಸ್ಟರು, ಎಲ್ಲರೂ ಒಬ್ಬನೇ ಅಭ್ಯರ್ಥಿಯ ಹಿಂದೆ ನಿಂತರು. ಚರ್ಚಿನ ಮುಖ್ಯಸ್ಥ ಕಾರ್ಡಿನಲ್ ವಾನ್ ರೋಯ್ ರೆಕ್ಸ್ ಪಕ್ಷವನ್ನು ಬಹಿರಂಗವಾಗಿ ಖಂಡಿಸಿದ. 1937ರ ಏಪ್ರಿಲ್ 11ರಂದು ಮತ ಎಣಿಸಿದಾಗ ಪ್ರಧಾನಿಗೆ ನೂರಕ್ಕೆ 76, ದೆಗ್ರೆಲ್‌ಗೆ 19. 1939ರ ಚುನಾವಣೆಯಲ್ಲಿ ರೆಕ್ಸ್‌ಗೆ ಉಳಿದದ್ದು 4 ಸ್ಥಾನ. ದೆಗ್ರೆಲ್‌ಗೆ ಮತ್ತೆ ಬಲ ಬಂದದ್ದು 1940ರಲ್ಲಿ ಹಿಟ್ಲರನ ಸೈನ್ಯ ದೇಶವನ್ನು ಹಿಡಿದ ಮೇಲೆಯೇ.

ಬೆಲ್ಜಿಯಂ ಮತ್ತು ಇಟಲಿಯ ಸಂಕಟಗಳು ಒಂದೇ ಅಳತೆಯವಲ್ಲ, ನಿಜ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬ್ರಸೆಲ್ಸ್‌ನಲ್ಲಿ ಯಾರೂ ದೆಗ್ರೆಲ್‌ನನ್ನು ಬಳಸಿಕೊಂಡು ಇನ್ನೊಬ್ಬರನ್ನು ಹೊಡೆಯುವ ಲೆಕ್ಕ ಹಾಕಲಿಲ್ಲ.

ತೆತ್ತ ಬೆಲೆ

ರೋಮ್‌ನಲ್ಲಿ ಹಾಕದ ಸಹಿಯ ಬೆಲೆ ಏನು? ತೊಂದರೆ ತಪ್ಪಿಸಲು ಸಹಿ ಹಾಕದ ದೊರೆ ಆಮೇಲೆ ಬಹಳ ಕಾಗದಗಳಿಗೆ ಸಹಿ ಹಾಕಬೇಕಾಯಿತು. 1936ರಲ್ಲಿ ಇಥಿಯೋಪಿಯವನ್ನು ಗೆದ್ದು ಅವನನ್ನು ಚಕ್ರವರ್ತಿ ಎಂದು ಕರೆದರು. 1938ರಲ್ಲಿ ಯಹೂದಿಗಳನ್ನು ಶಾಲೆಗಳಿಂದ, ಉದ್ಯೋಗಗಳಿಂದ ಹೊರಹಾಕುವ ಕಾನೂನುಗಳು ಅವನ ಸಹಿಯಿಂದಲೇ ಜಾರಿಯಾದವು. 1940ರಲ್ಲಿ ದೇಶ ಹಿಟ್ಲರನ ಪಕ್ಷದಲ್ಲಿ ಯುದ್ಧಕ್ಕೆ ಇಳಿಯಿತು.

ಆ ಯುದ್ಧದ ಬಿಸಿ ನಮ್ಮ ನಾಡಿಗೂ ತಟ್ಟಿತು. ಇಟಲಿಯಲ್ಲಿ ಹೋರಾಡಿದ ಮಿತ್ರಪಡೆಗಳಲ್ಲಿ ಭಾರತದ ಮೂರು ಡಿವಿಜನ್‌ಗಳಿದ್ದವು. ಬೆಳಗಾವಿಯನ್ನು ಕೇಂದ್ರವಾಗಿ ಹೊಂದಿದ ಮರಾಠಾ ಲಘು ಪದಾತಿ ದಳದ ಸೈನಿಕರೂ ಅಲ್ಲಿದ್ದರು. ಆ ದಳದ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ತೈಬರ್ ನದಿಯ ಮೇಲ್ಕಣಿವೆಯಲ್ಲಿ ಶತ್ರುವಿನ ಮೆಷಿನ್‌ಗನ್ ನೆಲೆಯನ್ನು ಒಬ್ಬರೇ ನುಗ್ಗಿ ವಶಪಡಿಸಿಕೊಂಡು, ಅಲ್ಲೇ ಗುಂಡೇಟಿಗೆ ಬಲಿಯಾದರು. ಅವರಿಗೆ ಮರಣೋತ್ತರವಾಗಿ ವಿಕ್ಟೋರಿಯ ಕ್ರಾಸ್ ಬಂತು. ಮತ್ತೆಯೊತ್ತಿಯನ್ನು ಎಳೆದೊಯ್ದ ರಸ್ತೆಯ ಪಕ್ಕದಲ್ಲಿ ಹರಿಯುವುದೂ ಅದೇ ತೈಬರ್. ಇಟಲಿಯ ನೆಲದಲ್ಲಿ ಸತ್ತ ಭಾರತೀಯ ಸೈನಿಕರು 5 ಸಾವಿರಕ್ಕೂ ಹೆಚ್ಚು.

ದೊರೆಗೆ ಧೈರ್ಯ ಬಂದದ್ದು 1943ರ ಜುಲೈ 25ರಂದು. ಯುದ್ಧ ಸೋಲುತ್ತಿದೆ ಎಂದು ಖಚಿತವಾದ ಮೇಲೆ ಅವನು ಮುಸೊಲಿನಿಯನ್ನು ಕರೆಸಿ ಪದವಿಯಿಂದ ತೆಗೆದ. ಅರಮನೆಯಿಂದ ಹೊರಬರುತ್ತಿದ್ದಂತೆ ಬಂಧಿಸಲಾಯಿತು. ಪ್ರಧಾನಿಯನ್ನು ತೆಗೆಯುವ ಈ ಅಧಿಕಾರ 1924ರಲ್ಲಿಯೂ ದೊರೆಯ ಕೈಯಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಜರ್ಮನರು ರೋಮ್ ಹಿಡಿಯಲು ಬಂದಾಗ ದೊರೆ ಸಂಸಾರ ಸಮೇತ ನಗರ ಬಿಟ್ಟು ಓಡಿದ. ಸೈನ್ಯಕ್ಕೆ ಸ್ಪಷ್ಟ ಆಜ್ಞೆಯೂ ಇರಲಿಲ್ಲ.

1946ರ ಜೂನ್ 2ರಂದು ಅರಸೊತ್ತಿಗೆ ಬೇಕೋ ಬೇಡವೋ ಎಂದು ಜನಮತ ಕೇಳಲಾಯಿತು. ದೇಶವ್ಯಾಪಿ ಮತದಾನದಲ್ಲಿ ಇಟಲಿಯ ಹೆಂಗಸರು ಮತ ಹಾಕಿದ್ದು ಅದೇ ಮೊದಲು. ಸುಮಾರು 1 ಕೋಟಿ 27 ಲಕ್ಷ ಮಂದಿ ಗಣರಾಜ್ಯ ಬೇಕೆಂದರು. 1 ಕೋಟಿ 7 ಲಕ್ಷ ಮಂದಿ ಅರಸೊತ್ತಿಗೆಯೇ ಇರಲಿ ಎಂದರು. ದೊರೆ ಅಷ್ಟರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟು ಈಜಿಪ್ಟ್ ಸೇರಿದ್ದ. 1947ರಲ್ಲಿ ಅಲ್ಲೇ ತೀರಿಕೊಂಡ.

1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದಲ್ಲಿ ಎರಡು ಮಾತುಗಳಿವೆ. ಫ್ಯಾಸಿಸ್ಟ್ ಪಕ್ಷವನ್ನು ಯಾವ ರೂಪದಲ್ಲಿಯೂ ಮತ್ತೆ ಕಟ್ಟಕೂಡದು ಎಂಬುದು ಒಂದು. ಸೈನ್ಯದಂತೆ ಸಂಘಟಿತವಾಗಿ ರಾಜಕೀಯ ಮಾಡುವ ಸಂಘಗಳಿಗೆ ಅವಕಾಶವಿಲ್ಲ ಎಂಬುದು ಇನ್ನೊಂದು. ಲಾರಿ, ದೊಣ್ಣೆ, ಹರಳೆಣ್ಣೆಗಳ ನೆನಪಿದ್ದವರು ಬರೆದ ಮಾತುಗಳವು. ಆದರೆ ಕಪ್ಪಂಗಿ ದಳದ ಕೃತ್ಯಗಳು 1921ರಲ್ಲಿಯೂ ಅಪರಾಧಗಳೇ ಆಗಿದ್ದವು. ಪೊಲೀಸರಿದ್ದರು, ನ್ಯಾಯಾಲಯವಿತ್ತು, ಸಂಸತ್ತಿತ್ತು. ಸೈನಿಕ ಕಾನೂನಿನ ಆಜ್ಞೆಯೂ ಬರೆದು ಸಿದ್ಧವಾಗಿತ್ತು. ಈ ಒಂದು ಬಾರಿ ಸುಮ್ಮನಿದ್ದರಾಯಿತು ಎಂದು ಪೊಲೀಸ್ ಪೇದೆಯಿಂದ ದೊರೆಯವರೆಗೆ ಒಬ್ಬೊಬ್ಬರೂ ಅಂದುಕೊಂಡರು. ಹಾಗೆ ಅಂದುಕೊಳ್ಳದವರ ಪೈಕಿ ಮತ್ತೆಯೊತ್ತಿ ಒಬ್ಬ. ಅವನು ಮಾತನಾಡಿದಾಗ ಜೊತೆಗೆ ಇನ್ನೂ ನೂರು ಮಂದಿ ಗಟ್ಟಿಯಾಗಿ ನಿಂತಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೋ ಏನೋ. ಬ್ರಸೆಲ್ಸ್‌ನ ಮತದಾರರು ಆ ಪ್ರಶ್ನೆಗೆ ತಮ್ಮ ಮಟ್ಟಿಗೆ ಉತ್ತರ ಕೊಟ್ಟಿದ್ದಾರೆ.